ಪ್ರತಿಕ್ರಿಯೆ: ಆಧಾರ್ ಪಿಡಿಎಫ್ ಪಾಸ್‌ವರ್ಡ್ ತೆಗೆಯುವ ಉಚಿತ ಸೈಟ್ ಬಗ್ಗೆ

ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ತೆಗೆಯಲು ಉಚಿತ ಸೈಟ್‌ಗೆ ಹಾಕಬಹುದಾ, ಸ್ವಲ್ಪ ಹೊತ್ತಿಗೆ ಫೈಲ್ ಅಳಿಸ್ತೀವಿ ಅಂತ ಬರೆದಿದ್ದಾರಲ್ಲ ಎಂದು ಕೇಳಿದ್ದೀರಿ. ಬೇಡ. ಅಳಿಸಿದರೋ ಇಲ್ಲವೋ ನೋಡಲು ನಮಗೆ ದಾರಿಯೇ ಇಲ್ಲ. ಹೆಸರು, ಫೋಟೋ, ವಿಳಾಸ, ಹುಟ್ಟಿದ ದಿನಾಂಕ, ನಂಬರ್ ಎಲ್ಲಾ ಒಂದೇ ಹಾಳೆಯಲ್ಲಿವೆ. ಜೊತೆಗೆ ಪಾಸ್‌ವರ್ಡನ್ನೂ ನೀವೇ ಕೊಡಬೇಕು. ಅದಾದರೂ ಏನು, ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ!

ಈ ಕೆಲಸಕ್ಕೆ ಯಾವ ಸೈಟೂ ಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಆ ಫೈಲನ್ನು ಕ್ರೋಮ್‌ನಲ್ಲಿ ತೆರೆಯಿರಿ. ಪಾಸ್‌ವರ್ಡ್ ಹಾಕಿ, ಪ್ರಿಂಟ್ ಒತ್ತಿ. ಪ್ರಿಂಟರ್ ಆರಿಸುವ ಕಡೆ ‘ಸೇವ್ ಆ್ಯಸ್ ಪಿಡಿಎಫ್’ ಅಂತ ಇರುತ್ತದೆ, ಅದನ್ನು ಆರಿಸಿ ಸೇವ್ ಮಾಡಿ. ಹೊಸ ಫೈಲ್‌ಗೆ ಪಾಸ್‌ವರ್ಡ್ ಇರುವುದಿಲ್ಲ. ಅನುಮಾನ ಇದ್ದರೆ ಇಂಟರ್ನೆಟ್ ಆಫ್ ಮಾಡಿಯೇ ಮಾಡಿ ನೋಡಿ, ಆಗುತ್ತದೆ. ಸೈಬರ್ ಸೆಂಟರಿನಲ್ಲಾದರೆ ಡೌನ್‌ಲೋಡ್ಸ್ ಫೋಲ್ಡರ್, ರೀಸೈಕಲ್ ಬಿನ್ ಎರಡನ್ನೂ ಖಾಲಿ ಮಾಡಿ ಏಳಿ.

ಅಂದಹಾಗೆ, ಕೇಳಿದವರಿಗೆ ಪೂರ್ತಿ ನಂಬರ್ ಬೇಕೇಬೇಕಾ? ಲಾಡ್ಜ್‌ನವರಿಗೆ, ಬಾಡಿಗೆ ಮನೆ ಓನರ್‌ಗೆಲ್ಲ ಮಾಸ್ಕ್ಡ್ ಆಧಾರ್ ಕೊಟ್ಟು ನೋಡಿ. ಡೌನ್‌ಲೋಡ್ ಮಾಡುವಾಗಲೇ ಆ ಆಯ್ಕೆ ಸಿಗುತ್ತದೆ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ.

ಈಗಾಗಲೇ ಅಪ್‌ಲೋಡ್ ಮಾಡಿಬಿಟ್ಟಿದ್ದರೆ ಗಾಬರಿ ಬೇಡ. ಮೈಆಧಾರ್ ಸೈಟ್‌ಗೆ ಹೋಗಿ ಬಯೋಮೆಟ್ರಿಕ್ ಲಾಕ್ ಮಾಡಿ. ಆಮೇಲೆ ನಿಮ್ಮ ಬೆರಳಚ್ಚು ಬಳಸಿ ಯಾರೂ ಆಧಾರ್ ಮೂಲಕ ದುಡ್ಡು ತೆಗೆಯಲು ಆಗುವುದಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವವರು ನೀವೇ ಆದರೆ, ಹೋಗುವ ಮುಂಚೆ ಅನ್‌ಲಾಕ್ ಮಾಡಿಕೊಳ್ಳಿ.