ಹಳೆಯ ಮನೆ ಕೆಡವಿದ ಕಲ್ಲು-ಮಣ್ಣನ್ನು ತೋಟದ ಕೊಲ್ಲಿಗೆ ತುಂಬಬಹುದೇ?

ಮಾದಾಪುರದ ಬಳಿ ಅಜ್ಜನ ಕಾಲದ ಹೆಂಚಿನ ಮನೆ ಕೆಡವಿಸಬೇಕು, ಹಿಂಬದಿಗೆ ಆಮೇಲೆ ಸೇರಿಸಿದ ಆರ್‌ಸಿಸಿ ಕೋಣೆಗಳೂ ಇವೆ, ಎಲ್ಲವನ್ನೂ ತೋಟದ ಹಿಂದಿನ ಕೊಲ್ಲಿಗೆ (ಇಳಿಜಾರುಗಳ ನಡುವೆ ಮಳೆನೀರು ಹರಿಯುವ ತಗ್ಗಿಗೆ) ತಳ್ಳಿದರೆ ಸಾಗಣೆಯ ಖರ್ಚು ಉಳಿದು ಕಾರು ನಿಲ್ಲಿಸಲು ಸಮತಟ್ಟು ಜಾಗವೂ ಸಿಗುತ್ತದೆ ಎಂದು ಟಿಪ್ಪರ್‌ನವರು ಹೇಳುತ್ತಿದ್ದಾರೆ, ಹಾಗೆ ಮಾಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಮಾಡಬೇಡಿ. ಕೊಡಗಿನಲ್ಲಿ ಮನೆ ಕಟ್ಟಿಸುವುದೇ ನನ್ನ ಕಸುಬು. ಈ ಸಲಹೆಯನ್ನು ಪ್ರತಿ ಬೇಸಿಗೆಯಲ್ಲೂ ಯಾರೋ ಒಬ್ಬರು ಮನೆಯವರ ಕಿವಿಗೆ ಹಾಕುತ್ತಾರೆ, ಪ್ರತಿ ಸಲವೂ ನನಗೆ ಆತಂಕವಾಗುತ್ತದೆ.

ಕೊಲ್ಲಿ ಬೇಸಿಗೆಯಲ್ಲಿ ಖಾಲಿ ಹಳ್ಳದಂತೆ ಕಾಣುತ್ತದೆ. ಜೂನ್ ಬಂದರೆ ಸುತ್ತಲಿನ ಇಳಿಜಾರಿನ ನೀರೆಲ್ಲ ಅಲ್ಲಿಗೇ ಬರಬೇಕು. ಸುರಿದ ಅವಶೇಷ ಕೆಳಗಿನ ನೆಲಕ್ಕೆ ಬೆಸೆದುಕೊಳ್ಳುವುದಿಲ್ಲ. ಹುಲ್ಲು, ತರಗೆಲೆಗಳ ಮೇಲೆ ಸಡಿಲವಾಗಿ ಕುಳಿತಿರುತ್ತದೆ. ಇಟ್ಟಿಗೆ, ಕಾಂಕ್ರೀಟ್ ತುಂಡುಗಳ ನಡುವಿನ ಸಂದುಗಳಲ್ಲಿ ನೀರು ಇಳಿದು, ಆ ಹಳೆಯ ನೆಲದ ಮಟ್ಟದಲ್ಲಿ ಹರಿಯಲು ಶುರುವಾದರೆ ಮೇಲಿನ ಭಾರವೆಲ್ಲ ಒಮ್ಮೆಗೇ ಜಾರುತ್ತದೆ. ದಾರಿ ಕಟ್ಟಿದ ನೀರು ಪಕ್ಕದ ಬರೆಯನ್ನು, ಅಂದರೆ ಕಡಿದಾದ ಮಣ್ಣಿನ ದಂಡೆಯನ್ನು, ಕೊರೆಯುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಕಡೆ ಗುಡ್ಡ ಕುಸಿದು ಏನಾಯಿತು ಎಂಬುದನ್ನು ಮಾದಾಪುರದವರಿಗೆ ನಾನು ಹೇಳಬೇಕಾಗಿಲ್ಲ. ಅಂದು ಸುರಿದದ್ದು ಅಸಾಧಾರಣ ಮಳೆ, ನಿಜ. ಆದರೆ ರಸ್ತೆಗೆ, ಮನೆಗೆ ಎಂದು ಇಳಿಜಾರನ್ನು ಕಡಿದು ಬದಲಿಸಿದ್ದೂ ಕುಸಿತಕ್ಕೆ ಕಾರಣ ಎಂದು ಭೂವಿಜ್ಞಾನಿಗಳು ಹೇಳಿದ್ದರು. ನಿಮ್ಮ ಕಡೆಯ ನೀರು ಹಟ್ಟಿಹೊಳೆಯ ಮೂಲಕ ಹಾರಂಗಿ ಜಲಾಶಯಕ್ಕೆ ಸೇರುತ್ತದೆ. ಆ ವರ್ಷದ ನಂತರ ಜಲಾಶಯದಲ್ಲಿ ತುಂಬಿದ ಹೂಳನ್ನು ನೆನೆದರೆ, ಗೊತ್ತಿದ್ದೂ ಇನ್ನಷ್ಟು ಸೇರಿಸುವುದಕ್ಕೆ ಮನಸ್ಸು ಒಪ್ಪುವುದಿಲ್ಲ.

ಇನ್ನೊಂದು ಮಾತು. ಪುಡಿಯಾದ ಸಿಮೆಂಟ್ ಮಣ್ಣಿಗೆ ಬೆರೆತರೆ ಮಣ್ಣು ಕ್ಷಾರವಾಗುತ್ತದೆ. ಕಾಫಿಗೆ ಬೇಕಾದದ್ದು ತುಸು ಹುಳಿ ಮಣ್ಣು. ಹಾಗಾಗಿ ಕಾಫಿ ಗಿಡದ ಬುಡಕ್ಕೂ ಕರಿಮೆಣಸಿನ ಬಳ್ಳಿಯ ಬುಡಕ್ಕೂ ಅದನ್ನು ಹಾಕಬಾರದು. ಗದ್ದೆಯನ್ನಂತೂ ತುಂಬಲೇಬೇಡಿ, ಮಳೆಗಾಲದ ನೀರು ನಿಂತು ಇಂಗುವ ಜಾಗ ಅದು.

ಈಗ ಲೆಕ್ಕಕ್ಕೆ ಬರೋಣ. ಕಟ್ಟಡ ಕೆಡವಿದರೆ ಚದರ ಮೀಟರಿಗೆ ಸುಮಾರು 300ರಿಂದ 500 ಕಿಲೋ ಅವಶೇಷ ಬರುತ್ತದೆ ಎಂಬುದು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಹಿಡಿಯುವ ಅಂದಾಜು. ನಿಮ್ಮದು 1,500 ಚದರ ಅಡಿ, ಅಂದರೆ ಸುಮಾರು 140 ಚದರ ಮೀಟರ್. 40ರಿಂದ 70 ಟನ್ ಎಂದಿಟ್ಟುಕೊಳ್ಳಿ. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೆ ಹಳೆಯ ಮನೆಯಲ್ಲಿ ನಿಜವಾಗಿ ಎಸೆಯಬೇಕಾದದ್ದು ಬಹಳ ಕಡಿಮೆ. ಜೆಸಿಬಿ ಒಳಗೆ ಬರುವ ಮೊದಲು ಏನೇನು ಬಿಚ್ಚಿದ್ದೀರಿ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಒಮ್ಮೆ ಬಕೆಟ್ ಬಿದ್ದು ಮಣ್ಣು, ಕಾಂಕ್ರೀಟ್, ವೈರು, ಗಾಜು ಕಲಸಿಹೋದರೆ ಆಮೇಲೆ ಬೇರ್ಪಡಿಸಲು ಯಾರಿಂದಲೂ ಆಗುವುದಿಲ್ಲ.

ಆದ್ದರಿಂದ ಕೈಯಿಂದ ಬಿಚ್ಚಿಸಿ, ಮೇಲಿನಿಂದ ಕೆಳಕ್ಕೆ. ಮೊದಲು ಹೆಂಚು. ಹಳೆಯ ಮಂಗಳೂರು ಹೆಂಚಿಗೆ ಇಂದಿಗೂ ಬೇಡಿಕೆ ಇದೆ, ಹೋಂಸ್ಟೇ ಕಟ್ಟುವವರು ಹುಡುಕಿಕೊಂಡು ಬರುತ್ತಾರೆ. ಆಮೇಲೆ ಚಾವಣಿಯ ಮರ, ಅಂದರೆ ರೀಪು, ಪಕ್ಕಾಸು, ತೊಲೆ. ನಂತರ ಬಾಗಿಲು, ಕಿಟಕಿ. ಹಲಸು, ತೇಗ, ಬೀಟೆಯಾಗಿದ್ದರೆ ಹೊಸ ಮನೆಯಲ್ಲಿ ಬಳಸಿ. ಮಾರಿ ಹೊರಗೆ ಸಾಗಿಸುವುದಾದರೆ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ರಹದಾರಿಯ ಬಗ್ಗೆ ಮೊದಲೇ ವಿಚಾರಿಸಿ. ಹಳೆಯ ಬಣ್ಣ ಬಳಿದ ಮರವನ್ನು ಬಚ್ಚಲಿನ ಹಂಡೆಯ ಒಲೆಗೆ ಮಾತ್ರ ಹಾಕಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣ ಹೊತ್ತಿದರೆ ಅದರಲ್ಲಿರಬಹುದಾದ ಸೀಸ ಹೊಗೆ, ಬೂದಿಯಲ್ಲಿ ಸೇರಿ ಮಕ್ಕಳ ಮೈಗೆ ಹೋಗುತ್ತದೆ.

ಗೋಡೆ ಮಣ್ಣಿನದಾದರೆ, ಸಿಮೆಂಟ್ ಗಾರೆಯನ್ನು ಮೊದಲು ಕೆರೆದು ಬೇರೆ ಹಾಕಿಸಿ, ಉಳಿದ ಮಣ್ಣು ಧಾರಾಳವಾಗಿ ಅಂಗಳಕ್ಕೆ ಆಗುತ್ತದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ, ಜಂಬಿಟ್ಟಿಗೆ ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ಸಿಮೆಂಟಿನಲ್ಲಿ ಕಟ್ಟಿದ್ದು ಒಡೆಯುವುದೇ ಹೆಚ್ಚು. ಪಾಯದ ಸೈಜುಗಲ್ಲನ್ನು ಒಂದನ್ನೂ ಬಿಡಬೇಡಿ, ಹೊಸ ಪಾಯಕ್ಕೂ ತಡೆಗೋಡೆಗೂ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಕಬ್ಬಿಣ, ವೈರು, ಪೈಪು ಗುಜರಿಯವರಿಗೆ.

ಉಳಿದದ್ದು ಆರ್‌ಸಿಸಿ ಕೋಣೆಗಳ ಕಾಂಕ್ರೀಟ್. ಕಬ್ಬಿಣ ತೆಗೆಸಿ ಜಲ್ಲಿಯ ಗಾತ್ರಕ್ಕೆ ಒಡೆಸಿದರೆ ಗೇಟಿನಿಂದ ಮನೆವರೆಗಿನ ದಾರಿಯ ಅಡಿಗೆ, ಅಂಗಳದ ಅಡಿಗೆ ಹಾಸಬಹುದು. ಕಾಂಕ್ರೀಟಿನ ಜಲ್ಲಿ-ಮರಳಿಗಿರುವ ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿ ಮರುಬಳಕೆಯ ಜಲ್ಲಿಯನ್ನು, ಬಲದಲ್ಲಿ ಎಂ15ಕ್ಕಿಂತ ಕಡಿಮೆ ದರ್ಜೆಯ, ಸಿಮೆಂಟ್ ಕಡಿಮೆ ಹಾಕಿದ ಕಾಂಕ್ರೀಟಿನಲ್ಲಿ ಪೂರ್ತಿಯಾಗಿ ಬಳಸಲು ಒಪ್ಪುತ್ತದೆ. ಪಿಲ್ಲರ್, ಸ್ಲ್ಯಾಬಿಗೆ ಮನೆಯಲ್ಲಿ ಒಡೆಸಿದ ಜಲ್ಲಿ ಬೇಡ. ಅದು ನೀರು ಹೆಚ್ಚು ಹೀರುತ್ತದೆ, ಬಲ ಎಷ್ಟೆಂದು ಪರೀಕ್ಷೆಯಿಲ್ಲದೆ ತಿಳಿಯುವುದಿಲ್ಲ.

ಸೌದೆ ಕೊಟ್ಟಿಗೆಗೋ ತೋಟದ ಕೆಲಸಗಾರರ ಲೈನ್‌ಮನೆಗೋ ಕಲ್ನಾರಿನ ಶೀಟ್ ಹಾಕಿದ್ದರೆ ಅದನ್ನು ಒಡೆಯಲೇಬಾರದು. ನೀರು ಚಿಮುಕಿಸಿ, ಬೋಲ್ಟ್ ಕತ್ತರಿಸಿ, ಇಡೀ ಶೀಟನ್ನೇ ಇಳಿಸಿ ಪ್ಲಾಸ್ಟಿಕ್ ಹೊದಿಸಿಡಿ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರವೂ ಕಾಯಿಲೆ ತರುತ್ತದೆ, ಆ ಧೂಳು ಕುಡಿಯುವವರು ನಿಮ್ಮ ಕೆಲಸಗಾರರು. ಅವರಿಗೆ ಒಳ್ಳೆಯ ಮಾಸ್ಕ್ ಕೊಡಿಸುವುದು ನಿಮ್ಮ ಹೊಣೆ.

ಕಾನೂನಿನ ವಿಷಯ ಚುಟುಕಾಗಿ ಹೇಳುತ್ತೇನೆ. ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ಮೀರಿದವರು ಕಾಂಕ್ರೀಟ್, ಮಣ್ಣು, ಇಟ್ಟಿಗೆ-ಗಾರೆ, ಕಬ್ಬಿಣ-ಮರ-ಪ್ಲಾಸ್ಟಿಕ್ ಎಂದು ನಾಲ್ಕಾಗಿ ಬೇರ್ಪಡಿಸಬೇಕು ಎಂದು ಕಟ್ಟಡ ಅವಶೇಷಗಳ ನಿರ್ವಹಣೆಯ 2016ರ ಕೇಂದ್ರ ನಿಯಮಗಳು ಹೇಳಿದ್ದವು. 2025ರಲ್ಲಿ ಪ್ರಕಟವಾದ, 2026ರ ಏಪ್ರಿಲ್ 1ರಿಂದ ಜಾರಿಯ ಹೊಸ ನಿಯಮಗಳು ಮುಖ್ಯ ಹೊಣೆಯನ್ನು 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಯೋಜನೆಗಳ ಮೇಲೆ ಹೊರಿಸಿವೆ. ನಿಮ್ಮದು ಸಣ್ಣ ಮನೆ. ಆದರೂ ಆ ನಾಲ್ಕು ರಾಶಿಗಳ ಕ್ರಮವನ್ನು ಪಾಲಿಸಿ, ಕೆಲಸ ಹಗುರವಾಗುತ್ತದೆ. ಎಲ್ಲ ಮುಗಿದು ಉಳಿಯುವ ಒಂದೆರಡು ಲೋಡನ್ನು ಎಲ್ಲಿ ಹಾಕಬೇಕೆಂದು ಗ್ರಾಮ ಪಂಚಾಯಿತಿಗೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

“ಮರ, ಹೆಂಚು ನಮಗೆ ಬಿಡಿ, ಕೆಡವಲು ಹಣ ಬೇಡ” ಎನ್ನುವವರು ನಿಮ್ಮಲ್ಲಿಗೂ ಬರುತ್ತಾರೆ. ಬೆಲೆಯಿರುವುದನ್ನು ಒಯ್ದು ಉಳಿದದ್ದನ್ನು ರಾತ್ರಿ ಯಾವುದೋ ರಸ್ತೆಯ ತಿರುವಿನಲ್ಲಿ ಸುರಿದರೆ ಕೇಳುವವರಿಲ್ಲ. ಯಾರಿಗೇ ಕೊಟ್ಟರೂ ಪ್ರತಿ ಲೋಡ್ ಎಲ್ಲಿಗೆ ಹೋಗುತ್ತದೆ ಎಂದು ಕರಾರಿನಲ್ಲಿ ಬರೆಸಿ, ಕೊನೆಯ ಕಂತನ್ನು ಅದು ಖಾತ್ರಿಯಾದ ಮೇಲೆ ಕೊಡಿ.

ಸಮಯದ ಬಗ್ಗೆ: ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಆಳು ಸಿಗುವುದಿಲ್ಲ. ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಕೆಡವಿಸಿ, ಮೇ ಮಧ್ಯದೊಳಗೆ ನೆಲ ಗಟ್ಟಿ ಮಾಡಿ ಚರಂಡಿ ತೆಗೆಸಿ. ಕಾರಿನ ಜಾಗವನ್ನು ಮನೆಯ ಮುಂದಿನ ಗಟ್ಟಿ ನೆಲದಲ್ಲೇ ಮಾಡಿಕೊಳ್ಳಿ. ಕೊಲ್ಲಿಗೆ ಈಗಾಗಲೇ ಒಂದೆರಡು ಲೋಡ್ ಬಿದ್ದಿದ್ದರೆ ಮಳೆಗೆ ಮುಂಚೆ ಅದನ್ನು ಹೊರಗೆ ತೆಗೆಸಿ, ಕೆಳಗಿನ ತೋಟದವರಿಗೂ ಒಂದು ಮಾತು ತಿಳಿಸಿ.