ಓದುಗರ ಪ್ರಶ್ನೆ: ಆತ್ಮರಕ್ಷಣೆಗೆ ರಿವಾಲ್ವರ್ ಬೇಕೆನಿಸಿದಾಗ

ಈ ಸಂಚಿಕೆಯ ಪ್ರಶ್ನೆಗಳಿಗೆ ಒಬ್ಬ ಮನೋವೈದ್ಯರು, ಒಬ್ಬ ವಕೀಲರು ಮತ್ತು ಒಬ್ಬ ಶೂಟಿಂಗ್ ತರಬೇತುದಾರರು ಸೇರಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು ಬಿಟ್ಟಿದ್ದೇವೆ.

ಪ್ರ: ಚನ್ನಗಿರಿಯಲ್ಲಿ ನಮ್ಮದು ಅಡಿಕೆ ವ್ಯಾಪಾರ. ನಗದು ತರುವುದು, ಕೊಡುವುದು ಇದ್ದೇ ಇರುತ್ತೆ. ಪಕ್ಕದ ಮಂಡಿಯವರು ರಿವಾಲ್ವರ್ ತಗೊಂಡ ಮೇಲೆ ನನಗೂ ಬೇಕು ಅನ್ನಿಸ್ತಿದೆ. ಈವರೆಗೆ ಯಾರೂ ಬೆದರಿಸಿಲ್ಲ. ಆದರೂ ರಾತ್ರಿ ಬೈಕೊಂದು ಹಿಂದೆ ಬಂದರೆ ಎದೆ ಹೊಡ್ಕೊಳ್ಳುತ್ತೆ. ಇದು ಹೆದರಿಕೆಯೋ, ಮುಂಜಾಗ್ರತೆಯೋ?

ಎರಡೂ ಇದೆ. ಬಿಡಿಸಿ ನೋಡೋಣ. 2017ರಲ್ಲಿ ಸ್ಟ್ರೋಬೆ, ಲಿಯಾಂಡರ್, ಕ್ರುಗ್ಲಾನ್‌ಸ್ಕಿ ಎಂಬ ಮನೋವಿಜ್ಞಾನಿಗಳು ಅಮೆರಿಕದಲ್ಲಿ ಬಂದೂಕು ಇಟ್ಟುಕೊಂಡವರ ಬಗ್ಗೆ ಅಧ್ಯಯನವೊಂದನ್ನು ಪ್ರಕಟಿಸಿದರು. ರಕ್ಷಣೆಗೆಂದು ಕೊಳ್ಳುವವರಲ್ಲಿ ಎರಡು ಬಗೆಯ ಭಯ ಬೇರೆಬೇರೆಯಾಗಿ ಕೆಲಸ ಮಾಡುತ್ತವೆ ಎಂಬುದು ಅವರಿಗೆ ಕಂಡದ್ದು. ಒಂದು, ನನ್ನ ಮೇಲೆ ಒಂದಲ್ಲ ಒಂದು ದಿನ ಹಲ್ಲೆ ನಡೆದೀತು ಎಂಬ ಲೆಕ್ಕಾಚಾರ. ಇನ್ನೊಂದು, ಲೋಕವೇ ಕೆಟ್ಟಿದೆ, ಯಾವಾಗ ಏನಾಗುತ್ತೋ ಎಂಬ ಒಟ್ಟಾರೆ ನಂಬಿಕೆ. ಮೊದಲನೆಯದಕ್ಕೆ ಊರು, ದಾರಿ, ಹೊತ್ತು ಇರುತ್ತದೆ. ಎರಡನೆಯದಕ್ಕೆ ಏನೂ ಇರುವುದಿಲ್ಲ, ಟಿವಿ ಹಾಕಿದಷ್ಟೂ ಬೆಳೆಯುತ್ತದೆ.

ಒಂದು ಹಾಳೆ ತೆಗೆದುಕೊಳ್ಳಿ. ಯಾರಿಂದ, ಎಲ್ಲಿ, ಯಾವ ಹೊತ್ತಿನಲ್ಲಿ, ಯಾಕೆ ಎಂದು ಬರೆಯಿರಿ. ಉತ್ತರ ಸಿಕ್ಕರೆ ಅದು ಠಾಣೆಗೆ ಕೊಡಬಹುದಾದ ದೂರು, ಬದಲಿಸಬಹುದಾದ ದಾರಿ. ‘ಕಾಲ ಸರಿಯಿಲ್ಲ’ ಎಂದಷ್ಟೇ ಬರೆಯಲು ಬಂದರೆ, ಆ ಭಯವನ್ನು ರಿವಾಲ್ವರ್ ಇಳಿಸುವುದಿಲ್ಲ. ಆತಂಕದ ಚಿಕಿತ್ಸೆಯಲ್ಲಿ ಇದು ದಿನನಿತ್ಯ ಕಾಣುವ ಸಂಗತಿ. ಸೊಂಟಕ್ಕೆ ಸಿಕ್ಕಿಸಿಕೊಂಡ ದಿನ ನೆಮ್ಮದಿ. ಏನೂ ಆಗದೆ ಮನೆ ಸೇರಿದರೆ ಆ ಪುಣ್ಯ ಪೂರಾ ರಿವಾಲ್ವರ್‌ಗೆ ಹೋಗುತ್ತದೆ, ದಾರಿ ಮೊದಲೇ ಸುರಕ್ಷಿತವಾಗಿತ್ತು ಎಂದು ಮನಸ್ಸು ಕಲಿಯುವುದೇ ಇಲ್ಲ. ಆಮೇಲೆ ಅದಿಲ್ಲದೆ ಹಾಲಿನಂಗಡಿಗೂ ಹೋಗಲಾಗದು. ಹತ್ತು ನಿಮಿಷಕ್ಕೊಮ್ಮೆ ಅಂಗಿಯ ಮೇಲಿನಿಂದಲೇ ಕೈ ಅದನ್ನು ಮುಟ್ಟಿ ನೋಡುತ್ತಿರುತ್ತದೆ. ಅನುಭವಸ್ಥ ಕಳ್ಳ ಮೊದಲು ಗಮನಿಸುವುದೂ ಅದನ್ನೇ. ಅವನಿಗೆ ನಿಮ್ಮ ಹಣದ ಚೀಲದಷ್ಟೇ ನಿಮ್ಮ ರಿವಾಲ್ವರ್ ಕೂಡ ಲಾಭ.

ಇನ್ನು ಸಮಯದ ಲೆಕ್ಕ. ಡೆನಿಸ್ ಟ್ಯುಲರ್ ಎಂಬ ಅಮೆರಿಕದ ಪೊಲೀಸ್ ತರಬೇತುದಾರ 1983ರಲ್ಲಿ ಬರೆದದ್ದು ಇಂದಿಗೂ ತರಬೇತಿಯ ಪಾಠ: ಚಾಕು ಹಿಡಿದವನು 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಮುಟ್ಟುತ್ತಾನೆ. ಅಂಗಿ ಸರಿಸಿ, ಸೊಂಟದ ಬಂದೂಕು ಚೀಲವಾದ ಹೋಲ್ಸ್ಟರ್‌ನಿಂದ ತೆಗೆದು, ಗುರಿ ಹಿಡಿಯಲು ಪಳಗಿದವನಿಗೂ ಅಷ್ಟೇ ಬೇಕು. ನಿಮ್ಮ ಮೇಲೆ ಬರುವವನು 21 ಅಡಿ ದೂರದಿಂದ ಹೇಳಿ ಬರುವುದಿಲ್ಲ, ಬೈಕಿನಲ್ಲಿ ಪಕ್ಕಕ್ಕೇ ಬಂದಿರುತ್ತಾನೆ. ಅಡ್ರಿನಲಿನ್ ಏರಿದಾಗ ಬೆರಳುಗಳ ಸೂಕ್ಷ್ಮ ಚಲನೆ ಕೆಡುತ್ತದೆ, ದೃಷ್ಟಿ ಕಿರಿದಾಗುತ್ತದೆ, ಪಕ್ಕದಲ್ಲಿ ನಿಂತವರು ಕಾಣುವುದಿಲ್ಲ. ನ್ಯೂಯಾರ್ಕ್ ಪೊಲೀಸರ 1998–2006ರ ದಾಖಲೆಗಳ ಪ್ರಕಾರ ಎದುರಿನವನೂ ಗುಂಡು ಹಾರಿಸುತ್ತಿದ್ದಾಗ ಅವರ ಗುಂಡುಗಳಲ್ಲಿ ಗುರಿ ಮುಟ್ಟಿದ್ದು ಶೇ 18ರಷ್ಟು. ಅವರು ತರಬೇತಾದವರು. ಉಳಿದ ಗುಂಡುಗಳು ಮಂಡಿಯ ಬೀದಿಯಲ್ಲಾದರೆ ಎಲ್ಲಿಗೆ ಹೋಗುತ್ತಿದ್ದವು ಎಂದು ಯೋಚಿಸಿ.

ನಿಮ್ಮ ಮಟ್ಟಿಗೆ ಹೆಚ್ಚು ಕೆಲಸ ಮಾಡುವುದು ಇವು: ಪಾವತಿಯನ್ನು ಆದಷ್ಟು ಆರ್‌ಟಿಜಿಎಸ್‌ಗೆ ತಿರುಗಿಸಿ. ನಗದು ತರುವ ದಿನ, ಹೊತ್ತು, ದಾರಿ ಒಂದೇ ಆಗದಂತೆ ನೋಡಿಕೊಳ್ಳಿ. ಇಬ್ಬರಿರಿ. ಬ್ಯಾಂಕಿನಿಂದ ಇಂತಿಷ್ಟು ತರುತ್ತಿದ್ದೇನೆ ಎಂದು ಅಂಗಡಿಯಲ್ಲಿ ಜೋರಾಗಿ ಫೋನಿನಲ್ಲಿ ಹೇಳಬೇಡಿ, ಸುಳಿವು ಹೆಚ್ಚಾಗಿ ಹೋಗುವುದು ಒಳಗಿನಿಂದಲೇ. ಸಾಗಣೆಯಲ್ಲಿರುವ ನಗದಿಗೆ ವಿಮೆ ಸಿಗುತ್ತದೆ, ಮಾಡಿಸಿ. ಪಕ್ಕದ ಮಂಡಿಯವರದ್ದು ಭಯವೋ ಠೀವಿಯೋ ನಮಗೆ ಗೊತ್ತಿಲ್ಲ. ಮದುವೆ ಮನೆಯಲ್ಲಿ ಅಂಗಿ ಸರಿಸಿ ತೋರಿಸುವವರಿದ್ದಾರೆ, ಅದು ಬೇರೆಯೇ ಕಾಯಿಲೆ.

ಪ್ರ: ನನಗೆ ನಿಜವಾಗಿಯೇ ಬೆದರಿಕೆ ಇದೆ. ಲೈಸೆನ್ಸ್‌ಗೆ ಏನು ಮಾಡಬೇಕು? ಅರ್ಜಿ ಎಲ್ಲಿ ತಪ್ಪುತ್ತದೆ? — ಓದುಗರು, ಕಲಬುರಗಿ

1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ನಮೂನೆ ಎ-1ರಲ್ಲಿ ಅರ್ಜಿ. ಪೊಲೀಸ್ ಕಮಿಷನರೇಟ್ ಇರುವ ನಗರವಾದರೆ ಕಮಿಷನರ್‌ಗೆ, ಉಳಿದ ಕಡೆ ಜಿಲ್ಲಾಧಿಕಾರಿಗೆ. ಜೊತೆಗೆ ಗುರುತು ಮತ್ತು ವಿಳಾಸದ ದಾಖಲೆ, ಮಾನಸಿಕ ಸ್ವಾಸ್ಥ್ಯವೂ ಸೇರಿದ ವೈದ್ಯಕೀಯ ಪ್ರಮಾಣಪತ್ರ, ಶಸ್ತ್ರ ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಮನೆಯಲ್ಲಿ ಭದ್ರವಾಗಿಡುವ ಬಗ್ಗೆ ಮುಚ್ಚಳಿಕೆ. ಆಮೇಲೆ ಠಾಣೆಯಿಂದ ವಿಚಾರಣೆ, ವರದಿ.

ಹೆಚ್ಚಿನ ಅರ್ಜಿಗಳು ಮುಗ್ಗರಿಸುವುದು ‘ಕಾರಣ’ದ ಅಂಕಣದಲ್ಲಿ. ‘ನಾನು ಪ್ರತಿಷ್ಠಿತ ವ್ಯಾಪಾರಿ, ಪ್ರಾಣಭಯವಿದೆ’ ಎಂಬ ಒಂದು ಸಾಲಿಗೆ ಬೆಲೆಯಿಲ್ಲ. ಬೆದರಿಕೆ ಬಂದ ದಿನಾಂಕ, ಕರೆ ಬಂದ ಸಂಖ್ಯೆ, ಕೊಟ್ಟ ದೂರಿನ ಸ್ವೀಕೃತಿ, ಎಫ್‌ಐಆರ್ ಇದ್ದರೆ ಅದರ ಪ್ರತಿ, ನೀವು ಓಡಾಡುವ ದಾರಿ ಮತ್ತು ಹೊತ್ತು ಇವನ್ನು ಲಗತ್ತಿಸಿ. ಬೆದರಿಕೆ ಬಂದಾಗ ಠಾಣೆಗೆ ಹೋಗದೆ, ವರ್ಷ ಕಳೆದ ಮೇಲೆ ನೇರವಾಗಿ ಲೈಸೆನ್ಸ್ ಕೇಳಿದರೆ ವರದಿ ಒಳ್ಳೆಯದು ಬರುವುದು ಕಷ್ಟ. ನಿಮ್ಮ ಮೇಲಿರುವ ಪ್ರಕರಣ ಮುಚ್ಚಿಟ್ಟರೆ ಅದೊಂದೇ ಸಾಕು, ಕೊಟ್ಟ ಲೈಸೆನ್ಸ್ ಕೂಡ ರದ್ದಾಗುತ್ತದೆ. ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ, ಕಲಂ 14 ಸ್ಪಷ್ಟವಾಗಿ ಹೇಳುತ್ತದೆ. ನಿರಾಕರಿಸಿದರೆ ಕಾರಣ ಬರವಣಿಗೆಯಲ್ಲಿ ಕೇಳಿ. ಕಲಂ 18ರಡಿ ಮೇಲ್ಮನವಿಗೆ ಅದೇ ಆಧಾರ.

2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸ್ ಐದು ವರ್ಷಕ್ಕೆ. ಸಾಮಾನ್ಯವಾಗಿ ಸಿಗುವುದು .32 ರಿವಾಲ್ವರ್ ಅಥವಾ ಪಿಸ್ತೂಲ್. 9 ಮಿ.ಮೀ. ನಿಷೇಧಿತ ಬೋರ್ (ನಳಿಕೆಯ ಒಳ ಅಳತೆ). ಸಾರ್ವಜನಿಕ ಸ್ಥಳದಲ್ಲಿ ಹೋಲ್ಸ್ಟರ್‌ನಲ್ಲೇ ಇರಬೇಕು, ತೆಗೆದು ಬೀಸುವಂತಿಲ್ಲ. ಸಂಭ್ರಮಕ್ಕೆಂದು ಗಾಳಿಯಲ್ಲಿ ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಚುನಾವಣೆ ಬಂದಾಗ ಬಂದೂಕನ್ನು ಠೇವಣಿ ಇಡಲು ಆದೇಶ ಬರಬಹುದು. ಬೆದರಿಕೆ ಇರುವವರು ವಿನಾಯಿತಿಗೆ ಆಗಲೇ ಬರೆದು ಕೊಡಬೇಕು.

ಪ್ರ: ಮನೆಗೆ ನುಗ್ಗಿದ ಕಳ್ಳನಿಗೆ ಗುಂಡು ಹಾರಿಸಿದರೆ ಕೇಸ್ ಆಗುವುದಿಲ್ಲ ಅಲ್ಲವೇ? — ಓದುಗರು, ಹಾಸನ

ಆಗುತ್ತದೆ. ಆತ್ಮರಕ್ಷಣೆ ಎಂಬುದು ನೀವು ನ್ಯಾಯಾಲಯದಲ್ಲಿ ತೋರಿಸಬೇಕಾದ ಸಂಗತಿ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಈ ಹಕ್ಕಿನ ಬಗ್ಗೆ ಇವೆ. ದರೋಡೆ, ಸೂರ್ಯಾಸ್ತದ ನಂತರದ ಕನ್ನ, ಪ್ರಾಣಕ್ಕೆ ಅಥವಾ ತೀವ್ರ ಗಾಯಕ್ಕೆ ಕಾರಣವಾಗುವ ಹಲ್ಲೆಯ ಭಯ ಇದ್ದಾಗ ಹಕ್ಕು ಕೊಲ್ಲುವವರೆಗೂ ಹೋಗಬಹುದು. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ. ಕಾಂಪೌಂಡ್ ಹಾರಿ ಓಡುವವನ ಬೆನ್ನಿಗೆ ಹೊಡೆದ ಗುಂಡು ಈ ಲೆಕ್ಕದಲ್ಲಿ ನಿಲ್ಲುವುದು ಕಷ್ಟ.

ಪ್ರ: ಬೆಂಗಳೂರಿನಲ್ಲಿ ರಾತ್ರಿ ಪಾಳಿ ಕೆಲಸ. ಹೆಂಗಸರಿಗೆಂದೇ ಹಗುರವಾದ ರಿವಾಲ್ವರ್ ಇದೆಯಂತೆ, ಕೊಡಿಸ್ತೀನಿ ಅಂತಾರೆ ಅಪ್ಪ. ತಗೊಳ್ಳಲಾ?

ನಿಮ್ಮ ತಂದೆಯವರು ಹೇಳುತ್ತಿರುವುದು ‘ನಿರ್ಭೀಕ್’ ಇರಬೇಕು. ದೆಹಲಿಯ 2012ರ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ, 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ತಂದ .32 ರಿವಾಲ್ವರ್. ಅರ್ಧ ಕಿಲೋ ತೂಕ, ಆಗಲೇ ಒಂದು ಲಕ್ಷ ರೂಪಾಯಿ ದಾಟಿದ ಬೆಲೆ. ವ್ಯಾನಿಟಿ ಬ್ಯಾಗಿಗೆ ಹಿಡಿಸುತ್ತದೆ ಎಂಬ ಮಾತೇ ತೊಂದರೆಯ ಮೂಲ: ಜಿಪ್ ತೆಗೆದು, ಛತ್ರಿ, ಊಟದ ಡಬ್ಬಿ, ಚಾರ್ಜರ್ ನಡುವೆ ಹಿಡಿ ಹುಡುಕುವಷ್ಟರಲ್ಲಿ ಬ್ಯಾಗೇ ಕಿತ್ತುಕೊಂಡು ಹೋಗಿರುತ್ತಾರೆ.

ಅದಕ್ಕಿಂತ ದೊಡ್ಡ ಮಾತು, ಅಪರಿಚಿತನ ಚಿತ್ರವನ್ನು ಮುಂದಿಟ್ಟುಕೊಂಡು ಈ ಲೆಕ್ಕ ಹಾಕುತ್ತಿರುವುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಗಳಲ್ಲಿ ಅತ್ಯಾಚಾರ ಪ್ರಕರಣಗಳ ಹತ್ತು ಆರೋಪಿಗಳಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಸಂತ್ರಸ್ತೆಗೆ ಪರಿಚಿತರು. ಪರಿಚಯದವನ ಎದುರು ಯಾರೂ ಸೊಂಟಕ್ಕೆ ಕೈ ಹಾಕಿಕೊಂಡು ಕೂರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಲಕ್ಷಾಂತರ ಜನರನ್ನು ಹಿಂಬಾಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೈಬಂದೂಕು ಇರುವವರ ಜೊತೆ ವಾಸಿಸುವವರು ಮನೆಯಲ್ಲೇ ಸಂಗಾತಿಯ ಗುಂಡಿಗೆ ಬಲಿಯಾಗುವ ಪ್ರಮಾಣ ಏಳು ಪಟ್ಟಿಗಿಂತ ಹೆಚ್ಚು ಕಂಡಿತು. ಸತ್ತವರಲ್ಲಿ ಬಹುತೇಕ ಹೆಂಗಸರು.

ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ವಾಹನ ಕೊಡುವುದು ಕಂಪನಿಯ ಹೊಣೆ. ಮೊದಲು ಅದನ್ನು ಬರವಣಿಗೆಯಲ್ಲಿ ಕೇಳಿ. ಫೋನಿನ ತುರ್ತು ಕರೆಯನ್ನು 112ಕ್ಕೆ ಹೊಂದಿಸಿ ಒಮ್ಮೆ ಪರೀಕ್ಷಿಸಿಕೊಳ್ಳಿ, ಲೊಕೇಶನ್ ಮನೆಯವರಿಗೆ ಹೋಗುವಂತಿರಲಿ.

ಪ್ರ: ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ. ಅವರಿಗೇನು ಅಷ್ಟು ಭಯ? — ಓದುಗರು, ಮೈಸೂರು

ಭಯಕ್ಕೂ ಅದಕ್ಕೂ ಸಂಬಂಧ ಕಡಿಮೆ. ಬ್ರಿಟಿಷರ ಕಾಲದಲ್ಲಿ, 1861ರಿಂದ ಬಂದ ವಿನಾಯಿತಿ ಅದು. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಅನ್ವಯಿಸುತ್ತದೆ. ಕೇಂದ್ರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಅಲ್ಲಿ ಕೋವಿ ಮನೆತನದ ವಸ್ತು: ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ಹೂವಿಟ್ಟು ಪೂಜೆ, ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು. ಎದುರಾಳಿಯನ್ನು ಕಲ್ಪಿಸಿಕೊಂಡು ಕೊಂಡದ್ದಲ್ಲ. ಅಮೆರಿಕ ಬೇಟೆಯ ಕೋವಿಯಿಂದ ಭಯದ ಬಂದೂಕಿಗೆ ಹೊರಳಿದ್ದು ಅಲ್ಲಿನ ಪ್ಯೂ ಸಂಶೋಧನಾ ಸಂಸ್ಥೆಯ ಸಮೀಕ್ಷೆಗಳಲ್ಲಿ ಕಾಣುತ್ತದೆ. 1999ರಲ್ಲಿ ಬಂದೂಕುದಾರರಲ್ಲಿ ಶೇ 49 ಮಂದಿ ಮುಖ್ಯ ಕಾರಣ ಬೇಟೆ ಎಂದರು, ಶೇ 26 ಮಂದಿ ರಕ್ಷಣೆ ಎಂದರು. 2013ಕ್ಕೆ ಬೇಟೆ ಶೇ 32, ರಕ್ಷಣೆ ಶೇ 48. ಹಾಗೆಂದು ಕುಡಿತ, ಜಗಳ ಇರುವ ಮನೆಯಲ್ಲಿ ಕೋವಿ ಯಾವ ಸಂಪ್ರದಾಯದ್ದಾದರೂ ಅಪಾಯವೇ.

ಪ್ರ: ತೋಟದ ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿ ಇದೆ. ಪರೀಕ್ಷೆಯಲ್ಲಿ ಫೇಲಾದ ಮೇಲೆ ಮಗ ಮಾತೇ ಆಡುತ್ತಿಲ್ಲ. ಬೀಗ ಹಾಕಿದರೆ ಸಾಕೇ? — ತಾಯಿ, ಕೊಪ್ಪ

ಸಾಲದು, ತಾಯಿ. ಕೋವಿ ಸದ್ಯಕ್ಕೆ ಮನೆಯಲ್ಲೇ ಇರಬಾರದು. ಸಾಯಬೇಕೆಂಬ ಯೋಚನೆ ಹಲವರಲ್ಲಿ ನಿಮಿಷಗಳಲ್ಲಿ ಏರಿ ಇಳಿಯುತ್ತದೆ. ಆ ಹೊತ್ತಿಗೆ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಬೀಗದ ಕೈ ಎಲ್ಲಿದೆ ಎಂದು ಮನೆ ಮಕ್ಕಳಿಗೆ ಗೊತ್ತಿರುತ್ತದೆ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರೇ, ಖಾಲಿ ಮಾಡಿ, ನಳಿಕೆಯ ಹಿಂಬದಿಯನ್ನು ಕಣ್ಣಿಂದ ನೋಡಿ ಬೆರಳಿಂದಲೂ ಮುಟ್ಟಿ ಖಚಿತಪಡಿಸಿಕೊಂಡು, ತೋಟಾಗಳ ಸಮೇತ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲಿ ಅಥವಾ ಠಾಣೆಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಲಿ. ನೆಂಟರ ಮನೆಗೆ ಕೊಡುವುದು ಕಾನೂನಿಗೆ ವಿರುದ್ಧ. ಮಗನನ್ನು ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತಿದೆಯಾ?’ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಇವತ್ತೇ ಕರೆ ಮಾಡಿ. ಉಚಿತ, ಹಗಲೂ ರಾತ್ರಿ, ಕನ್ನಡದಲ್ಲಿ ಮಾತಾಡುತ್ತಾರೆ.

ಪ್ರ: ಡಲ್ಲಾಸ್‌ನಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲಿದ್ದೇನೆ. ಟೆಕ್ಸಾಸ್‌ನಲ್ಲಿ ಪರ್ಮಿಟ್ ಇಲ್ಲದೆಯೂ ಒಯ್ಯಬಹುದಂತೆ. ಗೆಳೆಯರು ತಗೋ ಅಂತಾರೆ.

2021ರ ಸೆಪ್ಟೆಂಬರ್‌ನಿಂದ ಬಂದ ಆ ಸಡಿಲಿಕೆ ರಾಜ್ಯದ್ದು. ನಿಮ್ಮಂತೆ ವಲಸೆಯೇತರ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ಸಿಕ್ಕಿಬಿದ್ದರೆ ವೀಸಾವೂ ಹೋಗುತ್ತದೆ. ಇನ್ನೊಂದನ್ನೂ ನೆನಪಿಡಿ. ನೀವು ಬಂದೂಕು ಇಟ್ಟುಕೊಳ್ಳದಿದ್ದರೂ ಅಕ್ಕಪಕ್ಕದವರ ಬಳಿ ಇರುತ್ತದೆ. 1992ರಲ್ಲಿ ಲೂಸಿಯಾನದ ಬ್ಯಾಟನ್ ರೂಜ್‌ನಲ್ಲಿ ಹ್ಯಾಲೊವೀನ್ ಪಾರ್ಟಿಗೆ ಹೊರಟ ಜಪಾನಿನ ಹುಡುಗನೊಬ್ಬ ತಪ್ಪು ಮನೆಯ ಬೆಲ್ ಒತ್ತಿ, ಮನೆಯ ಯಜಮಾನನ ಗುಂಡಿಗೆ ಸತ್ತ. ವಿಳಾಸ ಸಂಶಯವಿದ್ದರೆ ಕಾರಿನಿಂದಲೇ ಫೋನ್ ಮಾಡಿ.