ಫಜಲ್ ಹೆಚ್ಚೋ, ವಾಸಿಂ ಹೆಚ್ಚೋ?

ಶಿವಮೊಗ್ಗದ ಹಿರಿಯ ಓದುಗರೊಬ್ಬರ ಪತ್ರ: "ವಾಸಿಂ ಅಕ್ರಮ್ ಬಗ್ಗೆ ನಿಮ್ಮ ಲೇಖನ ಓದಿದ ಮೇಲೆ ನಮ್ಮ ಮನೆಯಲ್ಲಿ ವಾದ ಶುರುವಾಗಿದೆ. ಪಾಕಿಸ್ತಾನ ಕಂಡ ಅತಿ ದೊಡ್ಡ ವೇಗಿ ಫಜಲ್ ಮಹಮೂದ್ ಅನ್ನೋದು ನನ್ನ ಅಭಿಪ್ರಾಯ. ನನ್ನ ಮಗ ನಗುತ್ತಾನೆ. ಮ್ಯಾಟ್ ಮೇಲೆ ಯಾರು ಬೇಕಾದರೂ ವಿಕೆಟ್ ತೆಗೀತಾರೆ ಅಂತಾನೆ. ಎರಡೂ ಕಡೆಗೆ ಒಳ್ಳೆಯವರಾಗದೆ ನೇರವಾಗಿ ಹೇಳಿ. ಇನ್ನೊಂದು ಪ್ರಶ್ನೆ: ಫಜಲ್ ಭಾರತ ತಂಡಕ್ಕೆ ಆಯ್ಕೆಯಾಗಿದ್ದರಂತೆ, ನಿಜವೇ?"

ಮಾನ್ಯರೇ,

ನೇರವಾಗಿಯೇ ಹೇಳುತ್ತೇನೆ. ಆದರೆ ಮೊದಲು ನಿಮ್ಮ ಮಗನ ಮಾತಿಗೆ ಉತ್ತರ ಕೊಡಬೇಕು. ಫಜಲ್ ಹೆಸರು ಬಂದಾಗಲೆಲ್ಲ ಈ ಮ್ಯಾಟ್ (ಹುಲ್ಲಿನ ಪಿಚ್ ಬದಲು ನೆಲಕ್ಕೆ ಹಾಸುತ್ತಿದ್ದ ಚಾಪೆ) ವಿಷಯ ಬಂದೇ ಬರುತ್ತದೆ.

ನಮ್ಮ ಊರುಗಳ ಮೈದಾನದಲ್ಲಿ ಮ್ಯಾಟ್ ಮೇಲೆ ಆಡಿದವರಿಗೆ ಗೊತ್ತು, ಚೆಂಡು ಅಲ್ಲಿ ಹೇಗೆ ಕಚ್ಚಿ ಏಳುತ್ತದೆ ಅಂತ. ಫಜಲ್ ಅವರ ಆಯುಧ ಲೆಗ್ ಕಟರ್. ಚೆಂಡು ಬಿಡುವ ಹೊತ್ತಿಗೆ ಬೆರಳುಗಳನ್ನು ಸೀಮ್ ಮೇಲೆ, ಅಂದರೆ ಚೆಂಡಿನ ಹೊಲಿಗೆಯ ಮೇಲೆ, ಅಡ್ಡಕ್ಕೆ ಎಳೆಯುತ್ತಿದ್ದರು. ಒಳಗೆ ಬರುತ್ತಿದೆ ಅಂದುಕೊಂಡ ಚೆಂಡು ಬಿದ್ದ ಮೇಲೆ ಬಲಗೈ ಬ್ಯಾಟ್ಸ್‌ಮನ್‌ನಿಂದ ಆಚೆ ಓಡುತ್ತಿತ್ತು. ನಾರಿನ ಚಾಪೆ ಈ ಬೌಲಿಂಗ್‌ಗೆ ಹೇಳಿ ಮಾಡಿಸಿದಂತಿತ್ತು, ನಿಜ. 1956ರ ಕರಾಚಿ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾ ಮೊದಲ ಇನಿಂಗ್ಸ್‌ನಲ್ಲಿ 80ಕ್ಕೆ ಆಲೌಟ್. ಫಜಲ್ ಆ ಪಂದ್ಯದಲ್ಲಿ 114 ರನ್ ಕೊಟ್ಟು 13 ವಿಕೆಟ್ ತೆಗೆದರು. ಆದರೆ ಅದೇ ಚಾಪೆಯ ಮೇಲೆ ಆಸ್ಟ್ರೇಲಿಯಾದ ವೇಗಿಗಳಾದ ಲಿಂಡ್ವಾಲ್, ಮಿಲ್ಲರ್, ಡೇವಿಡ್ಸನ್ ಕೂಡ ಬೌಲ್ ಮಾಡಿದರು. ಅವರಿಗೇಕೆ ಅಷ್ಟು ವಿಕೆಟ್ ಬೀಳಲಿಲ್ಲ? ಅವರಿಗೆ ಮ್ಯಾಟ್ ಹೊಸದು ಅನ್ನಬಹುದು. ಅಲ್ಲಿಗೆ ನಿಮ್ಮ ಮಗನ "ಯಾರು ಬೇಕಾದರೂ" ಬಿದ್ದುಹೋಯಿತು ಅಲ್ವಾ? ಮ್ಯಾಟ್ ಇದ್ದರಷ್ಟೇ ಸಾಲದು, ಅದನ್ನು ಬಳಸಿಕೊಳ್ಳುವ ಕೈಯೂ ಬೇಕು.

ಇನ್ನು 1954ರಲ್ಲಿ ಲಂಡನ್ನಿನ ಓವಲ್ ಟೆಸ್ಟ್. ಅಲ್ಲಿ ಮ್ಯಾಟ್ ಇರಲಿಲ್ಲ, ಮಳೆಗೆ ನೆನೆದ ಹುಲ್ಲಿನ ಪಿಚ್ ಇತ್ತು. ಇಂಗ್ಲೆಂಡ್ ಗೆಲ್ಲಲು 168 ರನ್ ಬೇಕು. ಎರಡು ವಿಕೆಟ್‌ಗೆ 109 ಆಗಿತ್ತು. ಆಡುತ್ತಿದ್ದವರು ಹಟನ್, ಮೇ, ಕಾಂಪ್ಟನ್ ಇದ್ದ ತಂಡದವರು, ಪಾಕಿಸ್ತಾನ ತಂಡ ಇಂಗ್ಲೆಂಡಿಗೆ ಬಂದದ್ದು ಅದೇ ಮೊದಲು. ಫಜಲ್ ಮೇ ಅವರನ್ನು ಕಳಿಸಿದರು, ಕಾಂಪ್ಟನ್ ಅವರನ್ನೂ ಕಳಿಸಿದರು. ಹಟನ್ ಎರಡೂ ಇನಿಂಗ್ಸ್‌ನಲ್ಲಿ ಅವರಿಗೇ ಔಟಾದರು. ಇಂಗ್ಲೆಂಡ್ 143ಕ್ಕೆ ಮುಗಿಯಿತು, ಪಾಕಿಸ್ತಾನಕ್ಕೆ 24 ರನ್ ಗೆಲುವು. ಪಂದ್ಯದಲ್ಲಿ ಫಜಲ್ ಲೆಕ್ಕ 99 ರನ್‌ಗೆ 12 ವಿಕೆಟ್. ಮೊದಲ ಇಂಗ್ಲೆಂಡ್ ಪ್ರವಾಸದಲ್ಲೇ ಟೆಸ್ಟ್ ಗೆದ್ದ ತಂಡ ಅದಕ್ಕೆ ಮುಂಚೆ ಬೇರೊಂದಿರಲಿಲ್ಲ.

ಅಂಕಿಅಂಶದಲ್ಲಿ ಜಾಸ್ತಿ ಹೊತ್ತು ಕೂರುವುದು ಬೇಡ. ಫಜಲ್ 34 ಟೆಸ್ಟ್, 139 ವಿಕೆಟ್, ಸರಾಸರಿ 24.70. ವಾಸಿಂ 104 ಟೆಸ್ಟ್, 414 ವಿಕೆಟ್, ಸರಾಸರಿ 23.62. ಟೆಸ್ಟ್‌ಗೆ ಸುಮಾರು ನಾಲ್ಕು ವಿಕೆಟ್, ಇಬ್ಬರದೂ ಅಷ್ಟೇ. ಒಂದು ವಿಕೆಟ್‌ಗೆ ವಾಸಿಂ ಸುಮಾರು 55 ಎಸೆತ ಹಾಕಿದರೆ ಫಜಲ್ ಸುಮಾರು 70 ಹಾಕಿದರು ಅನ್ನೋದನ್ನು ಕೆಲವರು ಎತ್ತಿ ತೋರಿಸುತ್ತಾರೆ. ಆ ಕಾಲದ ಬ್ಯಾಟಿಂಗ್ ಹೇಗಿತ್ತು ಅಂತಲೂ ನೋಡಬೇಕು. ಮೇಲೆ ಹೇಳಿದ ಕರಾಚಿ ಟೆಸ್ಟ್‌ನ ಮೊದಲ ದಿನ ಎರಡೂ ತಂಡ ಸೇರಿ ಗಳಿಸಿದ್ದು 95 ರನ್! ಹೊಡೆಯಲು ಹೋಗದವನನ್ನು ಔಟ್ ಮಾಡಲು ಎಸೆತ ಜಾಸ್ತಿಯೇ ಬೇಕು.

ಹಾಗಾದರೆ ಫಜಲ್ ಅವರೇ ದೊಡ್ಡವರೇ? ಇಲ್ಲ. ನನ್ನ ಮತ ವಾಸಿಂಗೆ. ಯಾಕೆ ಅಂತ ಹೇಳಲು ನಿಮ್ಮ ನೆಚ್ಚಿನ ಬೌಲರ್‌ನ ಅತಿ ಕಷ್ಟದ ದಿನಗಳಿಗೇ ಹೋಗಬೇಕು.

1958, ಜಮೈಕಾದ ಕಿಂಗ್ಸ್‌ಟನ್. ಗಟ್ಟಿ, ನುಣುಪು ಪಿಚ್. ಜೊತೆಗಿದ್ದ ವೇಗಿ ಮಹಮೂದ್ ಹುಸೇನ್ ತಮ್ಮ ಮೊದಲ ಓವರ್‌ನ ಐದು ಎಸೆತ ಹಾಕಿ ಗಾಯಗೊಂಡು ಹೊರಗೆ ಹೋದರು. ನಾಯಕ ಕಾರ್ದಾರ್ ಬೆರಳು ಮುರಿದಿದ್ದರೂ ಬೌಲ್ ಮಾಡಿದರು. ಎದುರಿಗೆ 21ರ ಹುಡುಗ ಸೋಬರ್ಸ್, ಔಟಾಗದೆ 365. ವೆಸ್ಟ್ ಇಂಡೀಸ್ 3 ವಿಕೆಟ್‌ಗೆ 790. ಫಜಲ್ ಒಂದೇ ಇನಿಂಗ್ಸ್‌ನಲ್ಲಿ 85 ಓವರ್ ಮತ್ತೆ ಎರಡು ಎಸೆತ ಹಾಕಿದರು. 247 ರನ್, 2 ವಿಕೆಟ್. ವೇಗದ ಬೌಲರ್ ಒಬ್ಬ ಆ ಬಿಸಿಲಲ್ಲಿ ಐನೂರಕ್ಕೂ ಹೆಚ್ಚು ಎಸೆತ ಹಾಕಿದ್ದು ಸಣ್ಣ ಮಾತಲ್ಲ. ಅದೇ ಸರಣಿಯ ಕೊನೆಯ ಟೆಸ್ಟ್‌ನಲ್ಲಿ, ಪೋರ್ಟ್ ಆಫ್ ಸ್ಪೇನ್‌ನಲ್ಲಿ, 83ಕ್ಕೆ 6 ವಿಕೆಟ್ ಕಿತ್ತು ಗೆಲುವಿಗೆ ದಾರಿ ಮಾಡಿಕೊಟ್ಟರು. ಆ ಛಲಕ್ಕೆ ಕೈ ಮುಗಿಯಬೇಕು.

ಆದರೆ ಕಿಂಗ್ಸ್‌ಟನ್ ಇನ್ನೊಂದನ್ನೂ ತೋರಿಸಿತು. ಕಟರ್ ಅನ್ನೋದು ನೆಲದ ಸಹಾಯ ಬೇಡುವ ಎಸೆತ. ನೆಲ ಚೆಂಡನ್ನು ಕಚ್ಚದಿದ್ದರೆ ಬೌಲರ್ ಕೈಯಲ್ಲಿ ಉಳಿಯುವುದು ಶಿಸ್ತು ಮಾತ್ರ. ವಾಸಿಂಗೆ ನೆಲದ ಹಂಗು ಇರಲಿಲ್ಲ. ಚೆಂಡನ್ನು ಗಾಳಿಯಲ್ಲೇ ತಿರುಗಿಸುತ್ತಿದ್ದರು. ಪಾಕಿಸ್ತಾನದ ಒಣ, ಸತ್ತ ಪಿಚ್‌ಗಳಲ್ಲಿ ಹುಟ್ಟಿದ ವಿದ್ಯೆ ಇದು. ಒಂದು ಮೈ ಒರಟಾಗಿ, ಇನ್ನೊಂದು ಮೈ ಹೊಳಪಾಗಿ ಉಳಿದ ಹಳೆಯ ಚೆಂಡು, ವೇಗ ಸಿಕ್ಕಿದರೆ, ಹೊಸ ಚೆಂಡಿಗೆ ತದ್ವಿರುದ್ಧ ದಿಕ್ಕಿಗೆ ಸ್ವಿಂಗ್ ಆಗುತ್ತದೆ. ಸರ್ಫರಾಜ್ ನವಾಜ್ ಅದನ್ನು ಇಮ್ರಾನ್ ಖಾನ್‌ಗೆ ಕೊಟ್ಟರು, ಇಮ್ರಾನ್ ಅದನ್ನು ವಾಸಿಂ ಮತ್ತು ವಕಾರ್ ಯೂನಿಸ್‌ಗೆ ಕೊಟ್ಟರು. ಚೆಂಡು ಹಳೆಯದಾದಷ್ಟೂ ಬ್ಯಾಟಿಂಗ್ ಸುಲಭ ಅನ್ನುವ ಕಾಲ ಅಲ್ಲಿಗೆ ಮುಗಿಯಿತು.

1992ರ ವಿಶ್ವಕಪ್ ಫೈನಲ್ ನಿಮ್ಮ ಮಗನಿಗೆ ಬಾಯಿಪಾಠ ಇರಬೇಕು. ಮೆಲ್ಬರ್ನ್, ಇಂಗ್ಲೆಂಡ್ 4 ವಿಕೆಟ್‌ಗೆ 141. ವಾಸಿಂ ರೌಂಡ್ ದಿ ವಿಕೆಟ್, ಅಂದರೆ ಸ್ಟಂಪಿನ ಇನ್ನೊಂದು ಬದಿಯಿಂದ, ಬಂದರು. ಅಲನ್ ಲ್ಯಾಂಬ್‌ಗೆ ಹಾಕಿದ ಚೆಂಡು ಒಳಗೆ ನುಗ್ಗಿ ಬಂದು, ಕೊನೆ ಗಳಿಗೆಯಲ್ಲಿ ಹೊರಗೆ ಸರಿದು ಸ್ಟಂಪ್ ಎಗರಿಸಿತು. ಮುಂದಿನದು ಕ್ರಿಸ್ ಲೂಯಿಸ್‌ಗೆ, ಇದು ಒಳಕ್ಕೆ ಬಂತು. ಬ್ಯಾಟಿನ ಒಳ ಅಂಚಿಗೆ ತಗುಲಿ ಬೌಲ್ಡ್. ಬೆನ್ನುಬೆನ್ನಿಗೆ ಎರಡು ಎಸೆತ, ಎರಡು ದಿಕ್ಕು. ಪಿಚ್ ಮಾಡಿದ್ದು ಏನೂ ಇಲ್ಲ.

ನಮಗೆ ಇನ್ನೂ ಹತ್ತಿರದ್ದು 1999ರ ಚೆನ್ನೈ ಟೆಸ್ಟ್. ಸಚಿನ್ ಅವರ 136, ಪಾಕಿಸ್ತಾನಕ್ಕೆ 12 ರನ್ ಗೆಲುವು, ಎದ್ದು ನಿಂತು ಚಪ್ಪಾಳೆ ತಟ್ಟಿದ ಚೆನ್ನೈ ಜನ, ಇದಿಷ್ಟೂ ಎಲ್ಲರ ನೆನಪಿನಲ್ಲಿದೆ. ನನಗೆ ಮಾತ್ರ ಎರಡನೇ ಇನಿಂಗ್ಸ್‌ನಲ್ಲಿ ನಮ್ಮ ದ್ರಾವಿಡ್ 10 ರನ್‌ಗೆ ಔಟಾದ ಎಸೆತ ಮೊದಲು ನೆನಪಾಗುತ್ತದೆ. ಕಾಲಿನ ಕಡೆಗೆ ಬಂತು ಅಂತ ದ್ರಾವಿಡ್ ಅದಕ್ಕೆ ತಕ್ಕಂತೆ ಬ್ಯಾಟ್ ತಂದರು. ಚೆಂಡು ಬ್ಯಾಟ್ ದಾಟಿ ಹೊರಗೆ ತಿರುಗಿ ಆಫ್ ಸ್ಟಂಪ್‌ಗೆ ಬಡಿಯಿತು. ಅಷ್ಟು ಗಟ್ಟಿ ಡಿಫೆನ್ಸ್ ಇದ್ದವರು ಏನೂ ತಪ್ಪು ಮಾಡದೆ ಬೌಲ್ಡ್ ಆದರು. ಆ ಎಸೆತ ಹಾಕಬಲ್ಲವರು ಆಗ ಜಗತ್ತಿನಲ್ಲಿ ಎಷ್ಟು ಜನ ಇದ್ದರು ಹೇಳಿ.

ಹೀಗಾಗಿ ಬೌಲಿಂಗ್ ಕಲೆಯ ಮಾತು ಬಂದರೆ ವಾಸಿಂ ಮುಂದೆ. ಆದರೆ ಒಂದು ವಿಷಯದಲ್ಲಿ ವಾಸಿಂ ಫಜಲ್ ಅವರನ್ನು ಮುಟ್ಟಲಾರರು, ಅದನ್ನು ನಿಮ್ಮ ಮಗನಿಗೆ ಧಾರಾಳವಾಗಿ ಹೇಳಿ. ಫಜಲ್ ನಾಲ್ಕು ಟೆಸ್ಟ್‌ಗಳಲ್ಲಿ 10 ಅಥವಾ ಹೆಚ್ಚು ವಿಕೆಟ್ ತೆಗೆದರು: ಲಖನೌ, ಓವಲ್, ಕರಾಚಿ, ಢಾಕಾ. ಎದುರಾಳಿಗಳು ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯಾ, ವೆಸ್ಟ್ ಇಂಡೀಸ್. ನಾಲ್ಕೂ ಪಂದ್ಯ ಪಾಕಿಸ್ತಾನ ಗೆದ್ದಿತು. ವಾಸಿಂ 1985ರಲ್ಲಿ ಡುನೆಡಿನ್‌ನಲ್ಲಿ, ತಮ್ಮ ಎರಡನೇ ಟೆಸ್ಟ್‌ನಲ್ಲೇ 10 ವಿಕೆಟ್ ತೆಗೆದರೂ ಪಂದ್ಯ ನ್ಯೂಜಿಲೆಂಡ್ ಪಾಲಾಯಿತು. ಮುಂದೆ ವಾಸಿಂಗೆ ಇನ್ನೊಂದು ತುದಿಯಲ್ಲಿ ಇಮ್ರಾನ್, ಆಮೇಲೆ ವಕಾರ್ ಇದ್ದರು. ಫಜಲ್‌ಗೆ ಖಾನ್ ಮೊಹಮ್ಮದ್ ಒಳ್ಳೆಯ ಜೊತೆಗಾರರೇ, ಆದರೆ ಅವರು ಆಡಿದ್ದು 13 ಟೆಸ್ಟ್ ಮಾತ್ರ. ಫಜಲ್ ವಿಕೆಟ್ ತೆಗೆಯದಿದ್ದರೆ ಆ ತಂಡಕ್ಕೆ ಗೆಲ್ಲುವ ದಾರಿಯೇ ಕಡಿಮೆ ಇತ್ತು.

ಕೊನೆಗೆ ನಿಮ್ಮ ಇನ್ನೊಂದು ಪ್ರಶ್ನೆ. ಹೌದು, ನಿಜ. 1947-48ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಲಾಲಾ ಅಮರನಾಥ್ ನಾಯಕತ್ವದ ಭಾರತ ತಂಡಕ್ಕೆ ಫಜಲ್ ಆಯ್ಕೆಯಾಗಿದ್ದರು. ಪುಣೆಯ ತರಬೇತಿ ಶಿಬಿರಕ್ಕೂ ಬಂದಿದ್ದರು. ಅಷ್ಟರಲ್ಲಿ ದೇಶ ಒಡೆದು ಗಲಭೆ ಹತ್ತಿಕೊಂಡಿತ್ತು. ಪುಣೆಯಿಂದ ಮುಂಬೈಗೆ ಹೋಗುವ ರೈಲಿನಲ್ಲಿ ತಮ್ಮ ಮೇಲೆ ಬಂದವರನ್ನು ಸಿ.ಕೆ. ನಾಯುಡು ಬ್ಯಾಟ್ ಹಿಡಿದು ತಡೆದರು ಅಂತ ಫಜಲ್ ಮುಂದೆ ಹೇಳಿಕೊಂಡಿದ್ದಾರೆ. ಲಾಹೋರ್ ಸೇರಿದ ಮೇಲೆ ಪ್ರವಾಸದ ಆಸೆ ಬಿಟ್ಟರು. ಐದು ವರ್ಷ ಬಿಟ್ಟು, 1952ರ ಅಕ್ಟೋಬರ್‌ನಲ್ಲಿ, ಲಖನೌದ ಸೆಣಬಿನ ಮ್ಯಾಟ್ ಮೇಲೆ ಭಾರತದ 12 ವಿಕೆಟ್ ಕಿತ್ತು ಪಾಕಿಸ್ತಾನಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟರು. ಆ ಪಂದ್ಯದ ಭಾರತ ತಂಡದಲ್ಲಿ ಮಂಕಡ್, ಹಜಾರೆ ಇರಲಿಲ್ಲ. ನಾಯಕ ಮಾತ್ರ ಅದೇ ಅಮರನಾಥ್.